ಮೇಡಂ ಹೇಳಿದ ಲಸಿಕೆ

ಕನ್ನಡ ಪಾಠ ಹೇಳುವವರಿಗೆ ಕನ್ನಡದ ಎಲ್ಲ ಪದಗಳೂ ಸಲೀಸು ಎಂದು ಜನ ತಿಳಿದಿರುತ್ತಾರೆ. ನನ್ನ ಮಟ್ಟಿಗೆ ಇದು ಶುದ್ಧ ಸುಳ್ಳು. ಇಪ್ಪತ್ತೆರಡು ವರ್ಷಗಳಿಂದ ಹೊಸಪೇಟೆಯ ಪದವಿ ಕಾಲೇಜೊಂದರಲ್ಲಿದ್ದೇನೆ. ಹಳಗನ್ನಡದ ಶೃಂಗಾರ ಪದ್ಯಗಳನ್ನು ಎಪ್ಪತ್ತು ಮಕ್ಕಳೆದುರು ಎಳ್ಳಷ್ಟೂ ಅಂಜದೆ ಓದಿದ್ದೇನೆ, ಏಕೆಂದರೆ ಅವು ಯಾರಿಗೂ ಅರ್ಥವಾಗುವುದಿಲ್ಲ. ಅರ್ಥವಾಗುವ ಕನ್ನಡದಲ್ಲಿ ಮೈಯ ಯಾವುದಾದರೂ ಭಾಗದ ಹೆಸರು ಹೇಳಬೇಕಾದಾಗ ಮಾತ್ರ ನಾಲಿಗೆ ಮುಷ್ಕರ ಹೂಡುತ್ತದೆ. ಔಷಧಿ ಅಂಗಡಿಯಲ್ಲಿ ಪ್ಯಾಡ್ ಕೊಳ್ಳುವಾಗ ಈಗಲೂ ಮೊದಲು ಟೂತ್‌ಪೇಸ್ಟ್, ಆಮೇಲೆ ಕೊಬ್ಬರಿ ಎಣ್ಣೆ ಕೇಳಿ, ಕೊನೆಗೆ "ಮತ್ತ ಅದೊಂದು" ಎನ್ನುತ್ತೇನೆ. ಹೀಗಾಗಿ ನಮ್ಮ ಮನೆಯಲ್ಲಿ ಟೂತ್‌ಪೇಸ್ಟಿಗೆ ಎಂದೂ ಕೊರತೆಯಾಗಿಲ್ಲ.

ಇಂಥ ನನ್ನ ಟೇಬಲ್ಲಿಗೆ ಒಂದು ದಿನ ಜೀವಶಾಸ್ತ್ರದ ವೀಣಾ ಎರಡು ಹಾಳೆ ತಂದಿಟ್ಟಳು. "ಅಕ್ಕಾ, ಇದನ್ನೊಂಚೂರು ಕನ್ನಡ ಮಾಡಿಕೊಡ್ರಿ. ನಮ್ಮ ಹುಡುಗ್ರಿಗೆ ಎಷ್ಟು ಗೊತ್ತೈತಿ ನೋಡಬೇಕು" ಎಂದಳು. ಎಚ್‌ಪಿವಿ ಎಂಬ ವೈರಸ್ಸು, ಅದರಿಂದ ಹೆಣ್ಣುಮಕ್ಕಳಿಗೆ ಬರಬಹುದಾದ ಗರ್ಭಕಂಠದ ಕ್ಯಾನ್ಸರು, ಅದನ್ನು ತಡೆಯುವ ಲಸಿಕೆ, ಇವುಗಳ ಬಗ್ಗೆ ಇಪ್ಪತ್ತು ಪ್ರಶ್ನೆಗಳಿದ್ದವು. ಅನುವಾದ ಕಷ್ಟವಾಗಲಿಲ್ಲ, ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ. ಆದರೆ ಹಾಳೆ ಹಂಚಬೇಕಿದ್ದ ದಿನ ವೀಣಾಳಿಗೆ ಬೇರೆ ಕೆಲಸ ಬಂದು, ಅವನ್ನು ತರಗತಿಯಲ್ಲಿ ಕೊಟ್ಟು ವಿವರಿಸುವ ಭಾರವೂ ನನ್ನ ಮೇಲೆಯೇ ಬಿತ್ತು.

ನಾನು ಬೋರ್ಡಿನ ಕಡೆ ತಿರುಗಿ 'ಗರ್ಭಕಂಠ' ಎಂದು ಬರೆದೆ, ಓದಲಿಲ್ಲ. ಹುಡುಗರು ಎದ್ದು ನಿಂತು, "ನಾವು ಹೊರಗ ಹೋಗಬೇಕೇನ್ರಿ ಮೇಡಂ?" ಎಂದರು. ಕುಳಿತುಕೊಳ್ಳಲು ಹೇಳಿದೆ. ಸಂಡೂರಿನಿಂದ ಬರುವ ಹುಡುಗನೊಬ್ಬ ಬೋರ್ಡನ್ನು ದಿಟ್ಟಿಸಿ, "ಮೇಡಂ, ಕಂಠ ಅಂದ್ರ ಗಂಟಲಲ್ರಿ? ಗುಟ್ಕಾ ತಿಂದ್ರ ಬರ್ತದೇನ್ರಿ ಇದು?" ಎಂದು ಕೇಳಿದ. ಅವನ ಮಾತಿನಲ್ಲಿ ತಮಾಷೆ ಏನೂ ಇರಲಿಲ್ಲ. ಮುಖದಲ್ಲಿ ನಿಜವಾದ ಗಾಬರಿ ಇತ್ತು, ಜೇಬಿನಲ್ಲಿ ಬಹುಶಃ ಗುಟ್ಕಾ ಇತ್ತು. ಗರ್ಭಕೋಶದ ಬಾಯಿಯ ಭಾಗಕ್ಕೆ ಹಾಗೆನ್ನುತ್ತಾರೆ ಎಂದು ಕಿಟಕಿಗೆ ವಿವರಿಸಿದೆ.

ಮಧ್ಯಾಹ್ನ ಉತ್ತರಗಳನ್ನು ಓದುತ್ತ ಕುಳಿತೆ. ಹೆಸರು ಬರೆಯಬಾರದೆಂದು ಹೇಳಿದ್ದರಿಂದ ಮಕ್ಕಳು ಧಾರಾಳವಾಗಿ ಬರೆದಿದ್ದರು. 'ಈ ಲಸಿಕೆಯ ಬಗ್ಗೆ ಎಲ್ಲಿ ಕೇಳಿದ್ದೀರಿ?' ಎಂಬುದಕ್ಕೆ ಒಬ್ಬರು 'ಇಲ್ಲಿಯೇ, ಈಗ' ಎಂದಿದ್ದರು. ಇನ್ನೊಬ್ಬರಿಗೆ ಅದು ಕೊರೊನಾದ ಮೂರನೇ ಡೋಸು. ಮದುವೆಯಾದವರಿಗೆ ಮಾತ್ರ, ನಮಗೇಕೆ ಎಂದವರು ಹಲವರು. ಒಂದು ಹಾಳೆಯಲ್ಲಿ ಮಾತ್ರ ಎಲ್ಲ ಉತ್ತರಗಳೂ ಸರಿಯಿದ್ದವು. 'ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ, ಏಕೆ?' ಎಂಬಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ಮನೆಯಲ್ಲಿ ಹೇಗೆ ಹೇಳಬೇಕೋ ಗೊತ್ತಿಲ್ಲ.'

ಆ ಸಾಲು ನನ್ನನ್ನು ಬಿಡಲಿಲ್ಲ. ಮರುದಿನ ತರಗತಿಯಲ್ಲಿ, "ಮನ್ಯಾಗ ಹೇಳಾಕ ಮುಜುಗರ ಆದ್ರ ನನ್ನ ಹೆಸರು ಹೇಳ್ರಿ" ಎಂದುಬಿಟ್ಟೆ. ಹೇಳಿದ ಮೇಲೆ ನನ್ನ ಧೈರ್ಯಕ್ಕೆ ನಾನೇ ಮೆಚ್ಚಿ ಕ್ಯಾಂಟೀನಿನಲ್ಲಿ ಒಗ್ಗರಣೆ ಮಂಡಕ್ಕಿಯ ಜೊತೆ ಎರಡು ಮಿರ್ಚಿ ತಿಂದೆ.

ನಾಲ್ಕೇ ದಿನ. ಬೆಳಗಿನ ಕಂಪ್ಲಿ ಬಸ್ಸಿಗೆ ಬಂದಿಳಿದ ಗಂಗಮ್ಮ ಎಂಬವರು ನೇರ ನಮ್ಮ ಸ್ಟಾಫ್ ರೂಮಿಗೆ ಬಂದರು. ನನ್ನ ವಿದ್ಯಾರ್ಥಿನಿ ಅನುಷಾಳ ತಾಯಿ. ಮಗಳು ತಾಯಿಯ ಬೆನ್ನ ಹಿಂದೆ ಅರ್ಧ ಮಾತ್ರ ಕಾಣುತ್ತಿದ್ದಳು.

"ಕನ್ನಡ ಮೇಡಂ ನೀವೇ ಏನ್ರಿ?"

"ಹೌದ್ರಿ. ಬರ್ರಿ, ಕುಂದ್ರಿ."

"ಕುಂದ್ರಾಕ ಬಂದಿಲ್ರಿ. ಈಕಿ ಅದೇನೋ ಇಂಜೆಕ್ಷನ್ ಹಾಕಿಸ್ಕೊಂತೀನಿ ಅಂತ ಹಟ ಹಿಡಿದಾಳ. ಯಾಕ ಅಂದ್ರ ಮೇಡಂ ಹೇಳ್ಯಾರ ಅಂತಾಳ. ಮದುವಿ ಆಗದ ಹುಡುಗಿಗೆ ಇದೆಲ್ಲಾ ಯಾಕ್ರಿ? ನಾಳೆ ಮಕ್ಕಳಾಗದಿದ್ರ ನೀವು ನಿಂತ್ಕೊಂತೀರೇನ್ರಿ?"

ವೀಣಾ ಹೇಳಿಕೊಟ್ಟದ್ದನ್ನೆಲ್ಲ ನೆನಪಿಸಿಕೊಂಡು ಒಪ್ಪಿಸಿದೆ. ಇದು ಮದುವೆಗೆ ಮೊದಲೇ ಹಾಕಿಸಿಕೊಂಡರೆ ಹೆಚ್ಚು ಉಪಯೋಗ, ಮಕ್ಕಳಾಗುವುದಕ್ಕೆ ಏನೂ ತೊಂದರೆಯಿಲ್ಲ, ರೋಗ ಬರುವುದಕ್ಕಿಂತ ಮುಂಚೆ ತಡೆಯುವುದೇ ಇದರ ಕೆಲಸ ಎಂದೆ. ಗಂಗಮ್ಮ ಸಾವಧಾನವಾಗಿ ಕೇಳಿದರು. ಗೆದ್ದೆ ಎಂದುಕೊಂಡೆ.

"ನೀವಂದದ್ದು ಖರೆ ಅಂತ ಇಟ್ಕೊಳ್ಳೋಣು. ನಿಮಗ ಹೆಣ್ಣುಮಕ್ಕಳು ಅದಾರೇನ್ರಿ?"

"ಒಬ್ಬಾಕಿ ಅದಾಳ್ರಿ."

"ಆಕಿಗೆ ಹಾಕ್ಸೀರೇನ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಅನುಷಾ ತಾಯಿಯ ಬೆನ್ನಿನಿಂದ ಪೂರ್ತಿ ಹೊರಬಂದು ನನ್ನನ್ನೇ ನೋಡುತ್ತಿದ್ದಳು. "ಇಲ್ರಿ" ಎಂದೆ.

ಆಗ ಗಂಗಮ್ಮ ಕುಳಿತರು. ನೀರು ಕೇಳಿ ಕುಡಿದರು. ಸಿಟ್ಟೆಲ್ಲ ಇಳಿದುಹೋಗಿತ್ತು. "ಮೊದ್ಲು ನಿಮ್ಮಾಕಿಗೆ ಹಾಕ್ಸ್ರಿ. ಆಮ್ಯಾಲೆ ನನಗ ಫೋನ್ ಮಾಡ್ರಿ" ಎಂದು ನಂಬರು ಬರೆಸಿ ಎದ್ದರು. ಇದಕ್ಕಿಂತ ನ್ಯಾಯವಾದ ಮಾತನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಆಡಿದ್ದು ನನಗೆ ನೆನಪಿಲ್ಲ.

ಸಂಜೆ ಮಗಳು ಸ್ಫೂರ್ತಿ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಇಪ್ಪತ್ತರ ಹುಡುಗಿ, ಬಿಸಿಎ ಕೊನೆಯ ವರ್ಷ. ಪಕ್ಕದಲ್ಲಿ ಕುಳಿತು ಸೊಪ್ಪಿನ ಎಳೆತನದಿಂದ ಪ್ರಾರಂಭಿಸಿದೆ. ಅಲ್ಲಿಂದ ವೀಣಾ, ವೀಣಾಳಿಂದ ಪ್ರಶ್ನೆಪತ್ರಿಕೆ, ಅಲ್ಲಿಂದ ಸಾಮಾನ್ಯ ಆರೋಗ್ಯ, ವೈರಸ್ಸುಗಳ ಸ್ವಭಾವ. ಮಗಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಅಮ್ಮಾ, ಎಚ್‌ಪಿವಿ ಲಸಿಕಿ ಬಗ್ಗೆ ಹೇಳಾಕತ್ತೀಯೇನು?"

"ಹ್ಞೂಂ."

"ನಾ ಹಾಕಿಸ್ಕೊಂಡು ಎರಡು ತಿಂಗಳಾತು. ಎರಡನೇ ಡೋಸು ಈ ಶನಿವಾರ ಐತಿ. ಅಪ್ಪ ಕರ್ಕೊಂಡು ಹೋಗಿದ್ದ."

ನನ್ನ ಯಜಮಾನರು ಸಂಡೂರಿನ ಗಣಿ ಕಂಪನಿಯೊಂದರ ಆಫೀಸಿನಲ್ಲಿದ್ದಾರೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಎರಡು ತಿಂಗಳ ಹಿಂದೆ ಒಂದು ಶನಿವಾರ ಅಪ್ಪ ಮಗಳು ಚಪ್ಪಲಿ ತರಲು ಹೋಗಿ ಬರಿಗೈಲಿ ಬಂದು "ಸೈಜು ಸಿಗಲಿಲ್ಲ" ಎಂದದ್ದು ನೆನಪಾಯಿತು. ಹೊರಗೆ ಪೇಪರಿನ ಹಿಂದೆ ಕುಳಿತಿದ್ದ ಅವರು ಪೇಪರನ್ನು ಇನ್ನಷ್ಟು ಮೇಲೆತ್ತಿದರು.

"ನನಗ್ಯಾಕ ಹೇಳಲಿಲ್ಲ?"

"ನಿನಗ ಮುಜುಗರ ಆಗ್ತದಂತ" ಎಂದಳು ಮಗಳು. ಆಕ್ಷೇಪಣೆಯ ಸುಳಿವೇ ಇಲ್ಲದ ದನಿ. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಿಸಬಾರದು ಎನ್ನುವಂತೆ. ಮನೆಯಲ್ಲಿ ಹೇಗೆ ಹೇಳಬೇಕೆಂದು ಗೊತ್ತಿಲ್ಲದ ಹುಡುಗಿಗಾಗಿ ನಾನು ಊರಿಗೆಲ್ಲ ನನ್ನ ಹೆಸರು ಹಂಚಿದ್ದೆ. ಅಂಥವಳೊಬ್ಬಳು ನನ್ನ ಮನೆಯಲ್ಲಿಯೇ ಇದ್ದಳು, ಮತ್ತು ಆ ಮನೆಯ ಅಮ್ಮ ನಾನು. ಉಳಿದ ಸೊಪ್ಪನ್ನು ಇಬ್ಬರೂ ಸೇರಿ ಬಿಡಿಸಿದೆವು. ಕಣ್ಣೊರೆಸಿಕೊಳ್ಳಲು ಈರುಳ್ಳಿಯ ನೆಪವಾದರೂ ಇರಬೇಕಿತ್ತು.

ಗಂಗಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, "ನಮ್ಮಾಕಿ ನನ್ನ ಮುಂದರ ಹೇಳಿದ್ಲಲ್ರಿ, ಪುಣ್ಯ. ಶನಿವಾರ ನಾವೂ ಬರ್ತೀವಿ" ಎಂದರು.

ಶನಿವಾರ ಆಸ್ಪತ್ರೆಯ ಬೆಂಚಿನ ಮೇಲೆ ನಾವು ನಾಲ್ವರು ಕುಳಿತಿದ್ದೆವು. ಹುಡುಗಿಯರು ಒಬ್ಬರ ಹಿಂದೊಬ್ಬರು ಹೋಗಿ, ತೋಳಿಗೆ ಹತ್ತಿ ಒತ್ತಿಕೊಂಡು ಬಂದರು. ಅರ್ಧ ಗಂಟೆ ಕುಳಿತಿರಿ ಎಂದ ನರ್ಸಮ್ಮ ನಮ್ಮಿಬ್ಬರತ್ತ ತಿರುಗಿದರು.

"ನಿಮ್ಮ ವಯಸ್ಸಿನೋರು ಈ ಕ್ಯಾನ್ಸರಿನ ತಪಾಸಣೆ ಮಾಡಿಸ್ಕೋಬೇಕ್ರಿ. ಯಾವಾಗರ ಮಾಡಿಸೀರೇನು?"

ಗಂಗಮ್ಮ ಫ್ಯಾನು ನೋಡಿದರು. ನಾನು ಕ್ಯಾಲೆಂಡರು ನೋಡಿದೆ.

"ಡಾಕ್ಟ್ರಮ್ಮ ಒಳಗ ಅದಾರ. ಐದು ನಿಮಿಷದ ಕೆಲಸ" ಎಂದರು ನರ್ಸಮ್ಮ.

"ಹೋಗಮ್ಮಾ, ಏನೂ ಆಗಲ್ಲ" ಎಂದು ಸ್ಫೂರ್ತಿ ನನ್ನ ಕೈಯಿಂದ ವ್ಯಾನಿಟಿ ಬ್ಯಾಗು ತೆಗೆದುಕೊಂಡಳು. ಅನುಷಾ ತಾಯಿಯ ಚೀಲ ತೆಗೆದುಕೊಂಡಳು.

"ನೀವು ಮೊದ್ಲು ಹೋಗ್ರಿ" ಎಂದೆ.

"ಇಲ್ರಿ, ನೀವು ಓದಿದೋರು" ಎಂದರು ಗಂಗಮ್ಮ.

ಎಂ.ಎ. ಮಾಡಿದ್ದಕ್ಕೆ ಮೊದಲ ಬಾರಿ ಪಶ್ಚಾತ್ತಾಪ ಪಡುತ್ತ ಒಳಗೆ ಹೋಗಿ ಮಲಗಿದೆ. ಪರದೆಯ ಆಚೆಯಿಂದ ಗಂಗಮ್ಮನ ದನಿ ಕೇಳಿಸಿತು.

"ಮೇಡಂ, ಭಾಳ ನೋವಾತೇನ್ರಿ?"

"ಏನೂ ಇಲ್ರಿ, ಗೊತ್ತೇ ಆಗಲಿಲ್ಲ" ಎಂದೆ, ಪಾಠ ಹೇಳುವ ದನಿಯಲ್ಲಿ. ಡಾಕ್ಟರಮ್ಮ ಇನ್ನೂ ಕೈಗವಸು ಹಾಕಿಕೊಳ್ಳುತ್ತಿದ್ದರು.