ಹಿತ್ತಲ ಬಾಗಿಲಿನ ಕೆರೆ

ನಮ್ಮ ಚಿಕ್ಕಪ್ಪ ಹೆಂಡತಿಯನ್ನು ಕೆರೆಗೆ ತಳ್ಳಲು ಹೋಗಿದ್ದರು ಎಂದು ಶಿರಾಳಕೊಪ್ಪದ ನಮ್ಮ ಬಳಗವೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಚಿಕ್ಕಪ್ಪನ ಮೇಲಿನ ಅಭಿಮಾನಕ್ಕಲ್ಲ. ಅಭಿಮಾನದಿಂದ ಗೆದ್ದ ಚರ್ಚಾಸ್ಪರ್ಧೆಯನ್ನು ನಮ್ಮ ಕಾಲೇಜಿನಲ್ಲಿ ನಾನಿನ್ನೂ ಕಂಡಿಲ್ಲ. ಕಾರಣ ಸರಳ: ಅಂದು ಆ ಕೆರೆಯಲ್ಲಿ ತಳ್ಳುವಷ್ಟು ನೀರೇ ಇರಲಿಲ್ಲ!

ಆದರೆ ಆ ಮಾತಿನ ಮೇಲೆಯೇ ಚಿಕ್ಕಮ್ಮ ಇನ್ನು ಎಲ್ಲಿರಬೇಕು ಎಂಬುದು ತೀರ್ಮಾನವಾಗುವುದಿತ್ತು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಚಿಕ್ಕಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಶಿಕಾರಿಪುರದಿಂದ ಸೊರಬಕ್ಕೆ, ಸೊರಬದಿಂದ ಆನವಟ್ಟಿಗೆ ಓಡಾಡಿಯೇ ತಲೆ ನೆರೆತಿತ್ತು. ಈ ದಾರಿಯಲ್ಲಿ ಕೆರೆಗಳಿಗೇನು ಬರವೇ? ಒಂದು ಮರೆಯಾಗುವುದರೊಳಗೆ ಇನ್ನೊಂದು. ಆದರೆ ಪ್ರಯಾಣಿಕರೆಲ್ಲ ಕಿಟಕಿಯಾಚೆ ನೋಡುವಾಗ ಚಿಕ್ಕಪ್ಪ ಪ್ರಯಾಣಿಕರ ಕಿಸೆ ನೋಡಬೇಕಿತ್ತು. ಇಡೀ ಸರ್ವೀಸಿನಲ್ಲಿ ಒಂದು ಕೆರೆಯನ್ನೂ ಪೂರ್ತಿ ನೋಡಲಿಲ್ಲವೆಂದು ನಿವೃತ್ತಿಯ ದಿನ ಅತ್ತರು. ಹಾರ ಹಾಕಿದವರು ಅದನ್ನು ಕೆಲಸದ ಮೇಲಿನ ಪ್ರೀತಿ ಎಂದುಕೊಂಡರು.

ಅದೇ ವರ್ಷ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲವೂ ಹೋದವು. ಮಕ್ಕಳಿಲ್ಲದ ಅವರಿಬ್ಬರೂ ಮೊದಲಿನಿಂದ ನಮ್ಮ ಜೊತೆಗೇ ಇದ್ದವರು. ಚಿಕ್ಕಮ್ಮನಿಗೆ ನಡುಮನೆಯ ಮಂಚ ಕೊಟ್ಟೆವು. ಎದುರಿಗೆ ಗೋಡೆ, ಗೋಡೆಗೆ ಯಾವುದೋ ಗೊಬ್ಬರದಂಗಡಿಯ ಕ್ಯಾಲೆಂಡರು. ಊಟ, ಔಷಧಿ, ಸ್ನಾನ ಯಾವುದಕ್ಕೂ ಕಡಿಮೆ ಮಾಡಿಲ್ಲವೆಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಚಿಕ್ಕಪ್ಪ ಸಾರಿದರು: ನೀರಿನ ಮುಂದೆ ಮನೆ ಮಾಡುತ್ತೇನೆ, ಅವಳನ್ನೂ ಕರೆದೊಯ್ಯುತ್ತೇನೆ.

ಅವರ ಪಿಂಚಣಿಯಲ್ಲಿ ನೀರಿನ ಮುಂದೆ ಮನೆ! ಅದಕ್ಕವರು ಹೂಡಿದ ಉಪಾಯ ಕೇಳಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆಗಳು ಬೀದಿಗೆ ಮುಖ ಮಾಡಿ ಕೆರೆಗೆ ಬೆನ್ನು ತೋರಿಸುತ್ತವೆ. ಕೆರೆಯ ಕಡೆಗಿರುವುದು ಬಚ್ಚಲು, ತಿಪ್ಪೆ, ಕಟ್ಟಿಗೆಯ ರಾಶಿ. ಜಡೆ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ ಚಿಕ್ಕಪ್ಪ ಒಂದು ಮನೆಯ ಹಿಂಭಾಗವನ್ನಷ್ಟೇ ಬಾಡಿಗೆಗೆ ಕೇಳಿದರು. ಮುಂಭಾಗ ಬೇಡವೇ ಬೇಡವಂತೆ! ಹಿತ್ತಲನ್ನು ಬಾಡಿಗೆಗೆ ಕೇಳಿದವರನ್ನು ಹುಟ್ಟಿದಾಗಿನಿಂದ ಕಾಣದ ಆ ಮನೆಯವರು, ಎಷ್ಟು ಹೇಳಬೇಕೆಂದು ತಿಳಿಯದೆ, ಕೊಟ್ಟಷ್ಟಕ್ಕೆ ಒಪ್ಪಿಕೊಂಡರು. ಚಿಕ್ಕಪ್ಪ ಹಿತ್ತಲ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಅದನ್ನೇ ಹೆಬ್ಬಾಗಿಲು ಮಾಡಿದರು.

ಹಾಲು ಉಕ್ಕಿಸುವ ದಿನ ನಾವೆಲ್ಲ ತಿಪ್ಪೆ ಬಳಸಿ, ಬಚ್ಚಲ ನೀರು ದಾಟಿ, ಪಂಚೆ ಸೀರೆ ಎತ್ತಿ ಹಿಡಿದು ಆ ಹೆಬ್ಬಾಗಿಲು ಸೇರಿದೆವು. ಸ್ವಂತ ಅಣ್ಣನನ್ನು ದನಕರು ಬರುವ ಬಾಗಿಲಲ್ಲಿ ಬರಮಾಡಿಕೊಂಡನಲ್ಲ ಎಂದು ಅಪ್ಪ ಪಾಯಸ ಮುಟ್ಟಲಿಲ್ಲ. ಚಿಕ್ಕಪ್ಪನಿಗೆ ಅದರ ಪರಿವೆಯೇ ಇಲ್ಲ. "ಮುಂದೆ ಬರ್ರಿ, ಕಿಟಕಿ ಕಡೆ ಸೀಟು ಖಾಲಿ ಐತಿ" ಎನ್ನುತ್ತ ಒಬ್ಬೊಬ್ಬರನ್ನೇ ಕೆರೆಗೆ ಎದುರಾಗಿ ಕೂರಿಸಿದರು. ಮಳೆಗಾಲ ಆಗಷ್ಟೇ ಮುಗಿದಿತ್ತು; ಕೆರೆ ಏರಿಯವರೆಗೂ ತುಂಬಿ ನಿಂತಿತ್ತು. ಚಿಕ್ಕಮ್ಮನಿಗೆ ಹೇಗನ್ನಿಸಿತು? ನಗುತ್ತಿದ್ದಾಳೆ ನೋಡು ಎಂದರು ಚಿಕ್ಕಪ್ಪ. ಲಕ್ವದಿಂದ ಒಂದು ಕಡೆಗೆ ಎಳೆದುಕೊಂಡ ಬಾಯಿ ಅದು. ನಗು ಬೇಕಾದವರಿಗೆ ನಗು, ಅಳು ಬೇಕಾದವರಿಗೆ ಅಳು. ಅಪ್ಪ ಅಷ್ಟರಲ್ಲಿ ಅಳು ಎಂದು ತೀರ್ಪು ಕೊಟ್ಟಾಗಿತ್ತು.

ಕೆರೆಗೂ ಬೇಸಿಗೆ ಬರುತ್ತದೆ ಎಂಬುದು ಚಿಕ್ಕಪ್ಪನಿಗೆ ಹೊಳೆದಿರಲಿಲ್ಲ. ಹೇಗೆ ಹೊಳೆಯಬೇಕು, ಕೆರೆ ನೋಡಿದ್ದರೆ ತಾನೆ? ಸಂಕ್ರಾಂತಿ ಕಳೆದದ್ದೇ ನೀರು ಹಿಂದೆ ಸರಿಯತೊಡಗಿತು. ಚಿಕ್ಕಪ್ಪ ಚಿಕ್ಕಮ್ಮನ ಕುರ್ಚಿಯನ್ನು ಮುಂದೆ ಸರಿಸಿದರು. ನೀರು ಸರಿದಷ್ಟೂ ಕುರ್ಚಿ ಸರಿಯಿತು. ಯುಗಾದಿಯ ಹೊತ್ತಿಗೆ ಮನೆಯೆಲ್ಲೋ ನೀರೆಲ್ಲೋ. ಬಿರುಕುಬಿಟ್ಟ ಕೆರೆಯಂಗಳದಲ್ಲಿ, ಮೇಯುವ ಎಮ್ಮೆಗಳ ನಡುವೆ, ಕುರ್ಚಿಯ ಮೇಲೆ ಚಿಕ್ಕಮ್ಮ, ಕೊಡೆ ಹಿಡಿದು ಪಕ್ಕದಲ್ಲಿ ಚಿಕ್ಕಪ್ಪ. ಒಂದು ದಿನ, ಮೇಲೆ ಒಣಗಿ ಒಳಗೆ ಹಸಿಯಿದ್ದ ಕೆಸರಿನಲ್ಲಿ ಕುರ್ಚಿಯ ಕಾಲುಗಳು ಹೂತುಹೋದವು. ಎಮ್ಮೆ ಕಾಯುವವರು ಓಡಿಬಂದು ಪಲ್ಲಕ್ಕಿ ಹೊರುವಂತೆ ಚಿಕ್ಕಮ್ಮನನ್ನು ಕುರ್ಚಿಸಮೇತ ದಡಕ್ಕೆ ತಂದರು. ಈ ಸುದ್ದಿ ಸೊರಬದ ಬಸ್ಸು ಹತ್ತಿ ಶಿರಾಳಕೊಪ್ಪದಲ್ಲಿ ಇಳಿಯುವಷ್ಟರಲ್ಲಿ ಕೆರೆ ತುಂಬಿಕೊಂಡಿತ್ತು, ಚಿಕ್ಕಪ್ಪ ಕೊಲೆಗಾರರಾಗಿದ್ದರು!

"ಕಾಲೇಜಿನಾಗೆ ಅಷ್ಟು ವಾದ ಮಾಡ್ತಿಯಲ್ಲ, ಹೋಗಿ ಅವನಿಗೆ ಬುದ್ಧಿ ಹೇಳು. ಅವಳನ್ನ ಇಲ್ಲಿಗೆ ಕರ್ಕಂಡು ಬಾ" ಎಂದರು ಅಪ್ಪ.

ಹೋದೆ. ಇಷ್ಟು ಸುಲಭದ ವಿಷಯ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಆಸ್ಪತ್ರೆ ದೂರ, ಸೊಳ್ಳೆ ಹತ್ತಿರ, ಎತ್ತಿ ಕೂರಿಸಲು ಇನ್ನೊಬ್ಬರಿಲ್ಲ, ಯಾವುದಕ್ಕಾಗಿ ಬಂದರೋ ಆ ನೀರೂ ಇಲ್ಲ. ಚಿಕ್ಕಪ್ಪ ತಲೆ ತಗ್ಗಿಸಿ ಕೇಳುತ್ತಿದ್ದರು. ಕೊನೆಗೆ, ಇದೆಲ್ಲ ನಿನ್ನ ಆಸೆ, ಚಿಕ್ಕಮ್ಮನದೂ ಹೌದು ಎನ್ನಲು ಆಧಾರವೇನು ಎಂದು ಕೇಳಿದೆ.

"ಅಲ್ಲಿದ್ದಾಗ ಕಣ್ಣು ಆಡ್ತಿರ್ಲಿಲ್ಲ" ಎಂದರು. "ಇಲ್ಲಿ ಬೆಳ್ಳಕ್ಕಿ ಹಾರಿದ ಕಡೆ ಹೋಗ್ತಾವು. ಅಷ್ಟೇ ನೋಡು. ಆದ್ರೆ ನೀ ಹೇಳೋದೂ ಖರೇ. ನನ್ನ ಕೈಯಾಗೂ ಎತ್ತೋಕೆ ಆಗಲ್ಲ ಈಗ."

ಫೋನು ಮಾಡಿ ಟೆಂಪೋದವನಿಗೆ ಮರುದಿನ ಬೆಳಗ್ಗೆ ಬರಲು ಹೇಳಿದರು. ಎದ್ದು ಹೋಗಿ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದರು. ನಾನು ಗೆದ್ದಿದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಚಿಕ್ಕಮ್ಮ ಬಾಗಿಲಲ್ಲಿ ಕೂತಿದ್ದರು. ಬಹಳ ದೂರದಲ್ಲಿ ಉಳಿದ ನೀರು ತಗಡಿನ ಚೂರಿನಂತೆ ಕಾಣುತ್ತಿತ್ತು. ಅಲ್ಲಿಂದ ಒಂದು ಬೆಳ್ಳಕ್ಕಿ ಎದ್ದಿತು. ಚಿಕ್ಕಮ್ಮನ ಕಣ್ಣುಗಳು ಅದರ ಹಿಂದೆಯೇ ಹೋದವು, ಕೆರೆಯ ಏರಿಯನ್ನು ದಾಟಿ ಅದು ಮಸುಕಾಗುವವರೆಗೆ. ಅಪ್ಪ ವಾದಿಸಿದ್ದರು, ಚಿಕ್ಕಪ್ಪ ವಾದಿಸಿದ್ದರು, ನಾನಂತೂ ಸರಿಯೇ ಸರಿ. ಇವರನ್ನು ಯಾರಾದರೂ ಕೇಳಿದ್ದೆವೇ? ಹೋಗಿ ಎದುರಿಗೆ ನೆಲದ ಮೇಲೆ ಕೂತೆ.

"ಚಿಕ್ಕಮ್ಮ, ಇಲ್ಲೇ ಇರೋದಾದ್ರೆ ನೀರಿನ ಕಡೆ ನೋಡು. ನಮ್ಮನೆಗೆ ಬರೋದಾದ್ರೆ ನನ್ನ ಕಡೆ ನೋಡು."

ಅವರು ನೀರಿನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆ ತೆಗೆಯಲು ಹೊರಗೆ ಬಂದಿದ್ದ ಚಿಕ್ಕಪ್ಪನ ಮೇಲೆ ಅವರ ಕಣ್ಣುಗಳು ನಿಂತವು. ಚಿಕ್ಕಪ್ಪ ಆಚೆ ಸರಿದರೆ ಕಣ್ಣೂ ಆಚೆ, ಈಚೆ ಬಂದರೆ ಈಚೆ. ಅದು ಗೊತ್ತಾಗಿ ಚಿಕ್ಕಪ್ಪ ಅಲ್ಲೇ ನಿಂತುಬಿಟ್ಟರು, ಅರ್ಧ ಮಡಚಿದ ಚಿಕ್ಕಮ್ಮನ ಸೀರೆ ಕೈಯಲ್ಲೇ ಇತ್ತು.

"ಚಿಕ್ಕಪ್ಪ, ನೀ ಇದ್ದಲ್ಲೇ ಚಿಕ್ಕಮ್ಮ ಇರ್ತಾಳಂತೆ. ಆ ಟೆಂಪೋದವನಿಗೆ ಈಗ ಏನು ಹೇಳ್ತಿ?"