ಸೀಸೆಯಲ್ಲಿ ತಂದ ಬಿಸಿಲು

ಸುಳ್ಳು ಹೇಳಲೇಬೇಕಾಗಿ ಬಂದವನು ವಾಸನೆಯಿಲ್ಲದ ಸುಳ್ಳನ್ನು ಆರಿಸಿಕೊಳ್ಳಬೇಕು. ಇದು ನಾನು ಕಲಬುರ್ಗಿಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಕಲಿತ ಪಾಠವಲ್ಲ. ಅಲ್ಲಿ ಬರೆಯುವ ಸುಳ್ಳುಗಳಿಗೆ ಶಾಯಿಯದು ಬಿಟ್ಟರೆ ಬೇರೆ ವಾಸನೆಯಿಲ್ಲ. ಮೇಲೊಂದು ಮೊಹರು ಬಿದ್ದರೆ ಅವು ಸತ್ಯವೂ ಆಗಿಬಿಡುತ್ತವೆ. ಮನೆಯಲ್ಲಿ ಹೇಳಿದ ಸುಳ್ಳಿಗೆ ಆ ಸೌಕರ್ಯವಿಲ್ಲ. ಹೆತ್ತ ತಾಯಿಗೆ ನಾನು ಹೇಳಿದ ಸುಳ್ಳು ಅದೇ ಊರಿನ ಗಾಜೀಪುರ ಪೇಟೆಯ ನಮ್ಮ ಓಣಿಯ ತುದಿಯವರೆಗೂ ನಾರುತ್ತಿತ್ತು.

ನನ್ನ ಮಗಳು ನೀಲಮ್ಮನಿಗೆ ಮೂರು ತುಂಬಿದರೂ ನಡೆಯಲು ಬರಲಿಲ್ಲ. ಗೋಡೆ ಹಿಡಿದು ನಿಂತರೆ ಎರಡೂ ಕಾಲು ಹೊರಕ್ಕೆ ಬಾಗುತ್ತಿದ್ದವು; ಒಂದು ಹೆಜ್ಜೆ ಇಟ್ಟು ಅಳುತ್ತ ಕುಳಿತುಬಿಡುತ್ತಿದ್ದಳು. ಮನೆಗೆ ಬಂದ ಹೆಂಗಸರು "ಏನ್ ಬೆಳ್ಳಗದಾಳವ್ವ ಕೂಸು!" ಎಂದು ಬಾಯಿತುಂಬ ಹೊಗಳಿ, ಕಾಲಿನ ಮೇಲೆ ಕಣ್ಣು ಬಿದ್ದೊಡನೆ ಮಾತು ಬದಲಿಸುತ್ತಿದ್ದರು. ಬೆಳ್ಳಗಿರದೆ ಏನು ಮಾಡೀತು? ಹುಟ್ಟಿದಾಗಿನಿಂದ ಅದಕ್ಕೆ ಬಿಸಿಲು ತಾಗಲು ನಾನು ಬಿಟ್ಟಿರಲಿಲ್ಲ.

ಅದಕ್ಕೆ ಕಾರಣವಿತ್ತು. ನೀಲಮ್ಮನಿಗಿಂತ ಮೊದಲು ನಮಗೊಬ್ಬ ಮಗನಿದ್ದ. ಹೆಂಡತಿಯ ತವರು ಕಮಲಾಪುರ. ಒಂದು ಬೇಸಿಗೆಯಲ್ಲಿ ಅಲ್ಲಿಂದ ಬಂಡಿಯಲ್ಲಿ ಬರುವಾಗ ಅವನಿಗೆ ಬಿಸಿಲು ಬಡಿಯಿತು. ನಸುಕಿನ ತಂಪಿನಲ್ಲೇ ಹೊರಡಿರೆಂದು ಮಾವನವರು ಹೇಳಿದ್ದರು. ಮಾವ ಹೇಳಿದರೆಂಬ ಒಂದೇ ಕಾರಣಕ್ಕೆ ನಾನು ಎದ್ದದ್ದೇ ತಡವಾಗಿ, ಉಂಡು, ಎಲೆಯಡಿಕೆ ಹಾಕಿಕೊಂಡು, ಅಳಿಯತನದ ಗತ್ತಿನಲ್ಲಿ ನಡುಮಧ್ಯಾಹ್ನ ಬಂಡಿ ಹೂಡಿಸಿದೆ. ಕಲಬುರ್ಗಿ ಮುಟ್ಟುವುದರೊಳಗೆ ಕೂಸಿನ ಮೈ ಕಾದ ಹಂಚಾಗಿತ್ತು. ಮರುದಿನ ತೀರಿಕೊಂಡ. ಇದರಲ್ಲಿ ನಗುವಂಥದ್ದೇನೂ ಇಲ್ಲ, ನನ್ನ ಗತ್ತೊಂದನ್ನು ಬಿಟ್ಟರೆ.

ಆಮೇಲೆ ಮಗಳು ಹುಟ್ಟಿದಾಗ ನಾನು ಬಿಸಿಲಿನ ಮೇಲೆ ಹಗೆ ಸಾಧಿಸಿದೆ. ಕಿಟಕಿಗೆ ದಪ್ಪ ಗೋಣಿತಟ್ಟು ಕಟ್ಟಿಸಿದೆ, ಮಾಳಿಗೆಯ ಬೆಳಕಿಂಡಿಗೆ ಕಲ್ಲು ಮುಚ್ಚಿಸಿದೆ. ಕೂಸಿಗೆ ಎಣ್ಣೆ ತಿಕ್ಕಿ ಅಂಗಳದಲ್ಲಿ ಮಲಗಿಸುತ್ತೇನೆಂದು ಅವ್ವ ಹೊರಟರೆ ಬಾಗಿಲಿಗೆ ಅಡ್ಡ ನಿಂತೆ. "ಎಳಿ ಬಿಸಿಲಂದ್ರ ತಾಯಿ ಹಾಲಿದ್ದಂಗೋ. ನಿನ್ನೂ ಹಂಗ ಬೆಳೆಸೀನಿ" ಎಂದಳು. ನಾನು ಉರ್ದು, ಫಾರಸಿ ಓದಿದವನು. ಹೆಬ್ಬೆಟ್ಟೊತ್ತುವ ಹೆಂಗಸಿನ ಮಾತು ಕೇಳುತ್ತೇನೆಯೇ?

ಕೊನೆಗೆ ಮಗುವನ್ನು ದವಾಖಾನೆಗೆ ಹೊತ್ತುಕೊಂಡು ಹೋದೆ. ಹೈದರಾಬಾದಿನಿಂದ ಬದಲಿಯಾಗಿ ಬಂದಿದ್ದ ಡಾಕ್ಟರ್ ಸಾಹೇಬರು ಅದರ ಕಾಲನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿ, "ಮುನ್ಶೀಜೀ, ಗುಲ್ಬರ್ಗೇ ಮೇ ಧೂಪ್ ಕೀ ಕಮೀ?" ಎಂದರು. ಕಲ್ಲು ಸಿಡಿಯುವಂಥ ಬಿಸಿಲಿನ ಊರಲ್ಲಿ ಬಿಸಿಲಿಗೆ ಬರವೇ ಎಂದು ಅವರ ಸೋಜಿಗ. ಬಿಸಿಲು ಮೈಗೆ ಬಿದ್ದರೆ ಎಲುಬು ಗಟ್ಟಿಮಾಡುವ ಸತ್ವವೊಂದು ಹುಟ್ಟುತ್ತದಂತೆ. ಅದಕ್ಕೆ ವಿಟಮಿನ್ ಎಂದು ಹೆಸರಂತೆ. ಸೂರ್ಯ ಕಾಣದ ವಿಲಾಯತಿಯವರು ಅದನ್ನು ಸಮುದ್ರದ ಮೀನಿನ ಎಣ್ಣೆಯಿಂದ ಪಡೆಯುತ್ತಾರಂತೆ. ದಿನಕ್ಕೊಂದು ಚಮಚ ಮೀನೆಣ್ಣೆ ಕುಡಿಸಬೇಕು, ದಿನಾ ಬೆಳಿಗ್ಗೆ ಬರಿಮೈಯಲ್ಲಿ ಎಳೆಬಿಸಿಲಿಗೆ ಬಿಡಬೇಕು. ಎರಡು ಹುಕುಂ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನೆಂದು ಬೇರೆಯವರನ್ನು ನೋಡಿ ಎಷ್ಟೋ ಸಲ ನಕ್ಕಿದ್ದೇನೆ.

ಮನೆಗೆ ಬರುವ ದಾರಿಯಲ್ಲಿ ಎರಡೂ ಹುಕುಮುಗಳನ್ನು ತಿದ್ದಿದೆ. ಬಿಸಿಲಿನ ಮಾತನ್ನು ಪೂರ್ತಿ ಹೊಡೆದುಹಾಕಿದೆ. ಒಂದು ಕೂಸನ್ನು ತಿಂದ ಬಿಸಿಲಿಗೆ ಇನ್ನೊಂದನ್ನು ಕೈಯಾರೆ ಒಪ್ಪಿಸಲು ನನ್ನಿಂದಾಗದು. ಇನ್ನು ಲಿಂಗವಂತರ ಮನೆಗೆ ಮೀನು ಕಾಲಿಡುವುದುಂಟೇ? ದವಾಖಾನೆಯಲ್ಲಿ ಕೊಟ್ಟ ಎಣ್ಣೆಯ ಸೀಸೆಯ ಚೀಟಿಯ ಮೇಲೆ ದೊಡ್ಡದೊಂದು ಮೀನು ಬಾಯಿ ತೆರೆದುಕೊಂಡಿತ್ತು. ಬಾವಿಕಟ್ಟೆಯ ಮೇಲೆ ಕುಳಿತು, ನೀರು ಹಚ್ಚಿ, ಉಗುರಿನಿಂದ ಕೆರೆದು ಅದನ್ನು ತೆಗೆದೆ. ಕಾಶಿಯ ಬೇರಿನ ಎಣ್ಣೆ ಎಂದು ಮನೆಯಲ್ಲಿ ಹೇಳಿದೆ.

"ಕಾಶ್ಯಾಗ ಬೇರು ಹಿಂಗ ನಾರ್ತಾವೇನ್ರೀ?" ಎಂದು ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಸುಮ್ಮನಿರವ್ವ. ನಾರಲಾರದ ಔಷಧಕ್ಕ ಗುಣ ಎಲ್ಲಿಂದ ಬರಬೇಕು?" ಎಂದು ಅವ್ವ ಸೊಸೆಯನ್ನೇ ಗದರಿದಳು. ನಂಬುವವರಿಗೆ ಸುಳ್ಳು ಹೇಳುವುದು ಎಷ್ಟು ಸುಲಭ, ಹೇಳಿದ ಮೇಲೆ ಎಷ್ಟು ಕಷ್ಟ ಎಂಬುದು ಮಾರನೆಯ ಬೆಳಿಗ್ಗೆ ತಿಳಿಯಿತು.

ಲಿಂಗಕ್ಕೆ ತೋರಿಸದೆ ನಮ್ಮ ಮನೆಯಲ್ಲಿ ಗುಟುಕು ನೀರೂ ಗಂಟಲಿಗಿಳಿಯದೆಂಬುದನ್ನು ನಾನು ಮರೆತಿದ್ದೆ. ಅವ್ವ ಮಿಂದು, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿದಳು. ಚಮಚದಲ್ಲಿ ಎಣ್ಣೆ ತುಂಬಿ ಲಿಂಗದ ಮುಂದೆ ಎಡೆ ಹಿಡಿದು, ಕಣ್ಣು ಮುಚ್ಚಿ, "ನನ್ನಪ್ಪಾ, ಕೂಸಿಗಿ ಕಾಲು ಕೊಡು" ಎಂದು ಬೇಡಿಕೊಂಡಳು. ಆಮೇಲೆ ಪ್ರಸಾದವೆಂದು ಮೊಮ್ಮಗಳ ಬಾಯಿಗೆ ಹಾಕಿದಳು. ಮೀನು ಮಾರುವ ಬೀದಿ ತಪ್ಪಿಸಲು ಅರ್ಧ ಊರು ಸುತ್ತಿ ಹೋಗುವ ಹೆಂಗಸು! ನಾನು ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ. ಮಗನಿಗೆ ಭಕ್ತಿ ಬಂತೆಂದು ಅವಳಿಗೆ ಹಿಗ್ಗು.

ದಿನವೂ ಇದೇ ನಡೆಯಿತು. ಸತ್ಯ ಹೇಳಿದರೆ ಮಗಳ ಕಾಲು ಹೋಗುತ್ತದೆ, ಹೇಳದಿದ್ದರೆ ತಾಯಿಯ ಧರ್ಮ ಹೋಗುತ್ತದೆ. ನಾನು ಎರಡನ್ನೂ ಉಳಿಸುವ ಜಾಣ, ತುಟಿ ಹೊಲಿದುಕೊಂಡಿದ್ದೆ. ಅತ್ತ ಓಣಿಯ ಬೆಕ್ಕುಗಳಿಗೆ ಸುದ್ದಿ ಮುಟ್ಟಿತ್ತು. ಪೂಜೆಯ ಹೊತ್ತಿಗೆ ಐದಾರು ಬೆಕ್ಕು ಹೊಸ್ತಿಲ ಹೊರಗೆ ಸಾಲಾಗಿ ಕೂರುತ್ತಿದ್ದವು. "ನೋಡೋ, ಮೂಕ ಪ್ರಾಣಿಗೂ ಪ್ರಸಾದದ ಬೆಲೆ ಗೊತ್ತದ" ಎನ್ನುತ್ತಿದ್ದಳು ಅವ್ವ. ಆ ಬೆಕ್ಕುಗಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಆ ಮನೆಯಲ್ಲಿ ನನ್ನ ಗುಟ್ಟು ಗೊತ್ತಿದ್ದದ್ದು ಅವುಗಳಿಗೆ ಮಾತ್ರ.

ಎರಡು ತಿಂಗಳಲ್ಲಿ ಮಗುವಿನ ಕಾಲಿಗೆ ತುಸು ಬಲ ಬಂತು. ಅಷ್ಟರಲ್ಲಿ ತಹಸೀಲ್ದಾರರ ಊರು ಸುತ್ತುವ ದೌರೆಯ ಜೊತೆ ನಾನು ಎಂಟು ದಿನ ಕಮಲಾಪುರಕ್ಕೆ ಹೋಗಬೇಕಾಯಿತು. ಮಗ ತೀರಿದ ಮೇಲೆ ಆ ಊರಿಗೆ ಹೋದದ್ದು ಅದೇ ಮೊದಲು. ಮಾವನವರು ಹಳೆಯ ಮಾತೆತ್ತಲಿಲ್ಲ. ಹೊರಡುವ ಹಿಂದಿನ ದಿನ ಮೊಮ್ಮಗಳಿಗೆಂದು ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಕೈಗಿಟ್ಟು, "ತಂಪೊತ್ತಿನ್ಯಾಗ ಹೊಂಡ್ರಿ ಅಳಿಯಂದಿರ" ಎಂದಷ್ಟೇ ಅಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಈ ಸಲ ನಸುಕಿನಲ್ಲೇ ಹೊರಟೆ, ದಾರಿಯುದ್ದಕ್ಕೂ ಅಳುತ್ತಲೇ ಬಂದೆ.

ಮನೆಗೆ ಬಂದರೆ ಗುಟ್ಟು ಒಡೆದಿತ್ತು. ನಾನಿಲ್ಲದಾಗ ಎಣ್ಣೆ ತೀರಿ, ಹೆಂಡತಿ ಹೇಳಿಕಳಿಸಿ, ದವಾಖಾನೆಯ ಜವಾನ ಹೊಸ ಸೀಸೆ ತಂದುಕೊಟ್ಟಿದ್ದ. ಚೀಟಿಯ ಸಮೇತ. ಅಕ್ಷರ ಬಾರದವರಿಗೂ ಮೀನು ಮೀನೇ.

"ಆ ಎಣ್ಣಿ ಮೀನಿಂದೇನು?" ಎಂದಳು ಅವ್ವ.

"ಹೌದವ್ವ."

"ಎರಡು ತಿಂಗಳ ನನ್ನ ಕೈಲೆ ಲಿಂಗಯ್ಯಗ ಮೀನ ಎಡಿ ಹಿಡಿಸಿದಿ."

ನಾನು ಕಾಲಿಗೆ ಬಿದ್ದೆ. ಸೀಸೆಯನ್ನು ತಿಪ್ಪೆಗೆ ಎಸೆದಿರುತ್ತಾಳೆಂದುಕೊಂಡೆ. ಅದು ಗೂಡಿನಲ್ಲೇ ಇತ್ತು, ಎಣ್ಣೆ ಎರಡು ಬೆರಳು ಇಳಿದಿತ್ತು. ಅವ್ವನ ಕೊರಳಲ್ಲಿ ತನ್ನ ಲಿಂಗದ ಜೊತೆಗೆ ಇನ್ನೊಂದು ಪುಟ್ಟ ಲಿಂಗ ತೂಗುತ್ತಿತ್ತು. ನೀಲಮ್ಮನ ಕೊರಳು ಬರಿದಾಗಿತ್ತು.

"ಕೂಸಿಂದು ಬಿಚ್ಚಿ ನಾ ಹಾಕ್ಕೊಂಡೀನಿ. ಕಾಲು ನೆಟ್ಟಗಾಗೂತನ ಎಣ್ಣಿ ಕುಡೀಲಿ. ಪಾಪ ಬರೋದಿದ್ರ ಈ ಮುದುಕಿಗಿ ಬರಲಿ. ನಾ ಒಪ್ಪತ್ತು ಉಣ್ತೀನಿ."

ಮೈಮೇಲೆ ಲಿಂಗವಿಲ್ಲದವನು ನಡೆದಾಡುವ ಹೆಣವೆಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳು ಅವಳೇ. ಆಮೇಲೆ ಕೇಳಿದಳು, "ಡಾಕ್ಟರ್ ಮತ್ತೇನರ ಹೇಳಿದ್ರೇನು?"

ಇಲ್ಲ ಎಂದುಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

"ಎಳಿ ಬಿಸಿಲಿಗಿ ಬಿಡು ಅಂದ್ರು."

ಮೀನನ್ನು ಹೇಗೋ ನುಂಗಿಕೊಂಡ ಅವ್ವ ಇದನ್ನು ಕೇಳಿ ಗೋಡೆಗೊರಗಿ ಕುಳಿತಳು. ಮೂರು ವರ್ಷ ಅವಳು ಬಾಗಿಲಲ್ಲಿ ನಿಂತು ಹೇಳಿದ್ದು ಅದನ್ನೇ ಅಲ್ಲವೇ? ಮಗಳ ಎಡಗಾಲು ಪೂರ್ತಿ ನೆಟ್ಟಗಾಗಲೇ ಇಲ್ಲವೆಂದು ಈಗಲೇ ಹೇಳಿಬಿಡುತ್ತೇನೆ, ಸುಳ್ಳು ಸಾಕಾಗಿದೆ.

ಮರುದಿನ ಹೊತ್ತು ಮೂಡುತ್ತಲೇ ಅವ್ವ ಕೂಸನ್ನು ಮಾಳಿಗೆಯ ಮೇಲಕ್ಕೆ ಒಯ್ದು, ಬರಿಮೈಯಲ್ಲಿ ಚಾಪೆಯ ಮೇಲೆ ಕೂರಿಸಿ, ಕಾಲು ನೀವುತ್ತ ಕುಳಿತಳು. ಮನಸ್ಸು ತಡೆಯದೆ ನಾನೂ ಛತ್ರಿ ಹಿಡಿದು ಹಿಂದೆಯೇ ಏರಿದೆ. ಬಿಚ್ಚುವ ಧೈರ್ಯವಾಗದೆ ಮಡಿಸಿಯೇ ಹಿಡಿದು, ಏನಾದರೂ ಆದರೆ ಕೈಗೆ ಸಿಗುವಷ್ಟು ಹತ್ತಿರ, ಮಗಳ ಪಕ್ಕಕ್ಕೇ ನಿಂತೆ. ಅವಳ ಮೈ ಬಿಸಿಯಾಯಿತೇ ಎಂದು ಮತ್ತೆ ಮತ್ತೆ ಬಗ್ಗಿ ಮುಟ್ಟಿ ನೋಡುತ್ತಿದ್ದೆ. ತಣ್ಣಗೇ ಇತ್ತು. ಅವ್ವ ತಲೆಯೆತ್ತಿದಳು.

"ಅತ್ಲಾಗ ಸರಿಯೋ. ನಿನ್ನ ನೆಳ್ಳು ಕೂಸಿನ ಮ್ಯಾಲ ಬೀಳಾಕತ್ತದ."

ಸುಳ್ಳು ಬೆರೆಸದೆ ನಾನು ಮಗಳಿಗೆ ಮಾಡಿದ ಮೊದಲ ಉಪಚಾರ ಅದು: ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.