ಮಾವನ ಆಕಾಶ ಸರ್ವೆ

ನಮ್ಮ ಸೋದರಮಾವ ತಮ್ಮೂರು ಪುರವರ ಬಿಟ್ಟು ಮಧುಗಿರಿಯಾಚೆಗೆ ಹೋದದ್ದು ಅಪರೂಪ. ಆದರೆ ಆಕಾಶದಲ್ಲಿ ಅವರು ಹೊಗದ ಗಲ್ಲಿಯಿಲ್ಲ!

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದವರಿಗೆ ಹಿಡಿದ ಹುಚ್ಚೆಂದರೆ, ತೀವ್ರ ಅತಿನೇರಳೆ ಬೆಳಕಿನಲ್ಲಿ ಇಡೀ ಆಕಾಶವನ್ನು ಸರ್ವೆ ಮಾಡಿದ ಉಪಗ್ರಹ. ಆ ಬೆಳಕನ್ನು ನಮ್ಮ ಗಾಳಿಯೇ ನುಂಗಿಬಿಡುತ್ತದಂತೆ. ಅದಕ್ಕೇ ಉಪಗ್ರಹ ಮೇಲಕ್ಕೆ ಹೋಗಿ, ತನ್ನ ಸುತ್ತ ತಾನೇ ತಿರುಗುತ್ತ, ಪಟ್ಟಿ ಪಟ್ಟಿಯಾಗಿ ನೋಡಿತಂತೆ. ಸರಿ, ನೋಡಲಿ. ಮಾವನೂ ಹಾಗೇ ನೋಡಬೇಕೆ?

ಒಮ್ಮೆ ಕುರಿಮರಿ ತಪ್ಪಿಸಿಕೊಂಡಿತು. ನಾವೆಲ್ಲ ಹೊಲಕ್ಕೆ ಓಡಿದರೆ ಮಾವ ಅಂಗಳದ ನಡುವೆ ನಿಂತು ನಿಧಾನವಾಗಿ ತಿರುಗತೊಡಗಿದರು. ಒಂದು ಸುತ್ತಿಗೆ ಒಂದು ಪಟ್ಟಿ. ಆಮೇಲೆ ಗದ್ದ ಒಂದು ಬೆರಳು ಮೇಲೆ. ಏಳನೆಯ ಸುತ್ತಿಗೆ ತಲೆಸುತ್ತಿ ಹುಲ್ಲಿನ ಮೆದೆಯ ಪಕ್ಕ ಬಿದ್ದರು. ಮರಿ ಅಲ್ಲೇ ಮಲಗಿತ್ತು! "ಸರ್ವೆ ಅಂದ್ರೆ ಇಂಗೆ ಕಣ್ಲಾ" ಎಂದರು, ಬಿದ್ದಲ್ಲಿಂದಲೇ.

ಆ ಉಪಗ್ರಹಕ್ಕೆ ಅಷ್ಟು ಮೇಲಿಂದ ಎಷ್ಟು ದೂರ ಕಾಣುತ್ತದೆ ಎಂದು ಅತ್ತೆ ಕೇಳಿದರು. ನಕ್ಷತ್ರಗಳ ನಡುವಿನ ಅನಿಲ ಆ ಬೆಳಕನ್ನು ತಡೆಯುವುದರಿಂದ ಹೆಚ್ಚಾಗಿ ಹತ್ತಿರದವೇ ಕಾಣುವುದು ಎಂದು ಮಾವ ಒಪ್ಪಿಕೊಳ್ಳಬೇಕಾಯಿತು.

"ಅಷ್ಟೆತ್ತರಕ್ಕೋಗಿ ಪಕ್ಕದ ಮನೆ ನೋಡ್ಕಂಡು ಬಂತಾ?" ಎಂದ ಅತ್ತೆ ರಾಗಿ ಕೇರಲು ಎದ್ದುಹೋದರು.

ಹೋದ ತಿಂಗಳು ನಮ್ಮ ನಗು ನಿಂತಿತು. ಮಾವನ ಬಲಗಣ್ಣು ಹೋಗಿ ವರ್ಷಗಳಾಗಿವೆ. ಉಳಿದ ಎಡಗಣ್ಣಿಗೂ ದಟ್ಟವಾಗಿ ಪೊರೆ ಬಂದಿತ್ತು. ಶಿರಾದ ಕಣ್ಣಿನ ಡಾಕ್ಟರು ಪೊರೆ ತೆಗೆಯಬಹುದು, ಅದರ ಹಿಂದೆ ಕಣ್ಣು ಹೇಗಿದೆಯೋ ಹೇಳಲಾರೆ ಎಂದುಬಿಟ್ಟರು. ಆಪರೇಷನ್ ಕೋಣೆಯ ಬಾಗಿಲಲ್ಲೂ ಮಾವ ನರ್ಸಮ್ಮನಿಗೆ ಉಪಗ್ರಹದ ಪಾಠ ಹೇಳುತ್ತಿದ್ದರು. ನನ್ನ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಮರುದಿನ ಬ್ಯಾಂಡೇಜು ಬಿಚ್ಚಿದ ಡಾಕ್ಟರು ಬೆರಳು ತೋರಿಸಿ ಎಷ್ಟೆಂದು ಕೇಳಿದರು. ಮಾವ ಕಿಟಕಿಯತ್ತ ಮುಖ ತಿರುಗಿಸಿದರು. ಡಾಕ್ಟರು ಇನ್ನೊಮ್ಮೆ ಕೇಳಿದರು. ಮುಖ ಅಲ್ಲೇ ಇತ್ತು. ಅತ್ತೆ ಬಾಗಿಲ ಬಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಆಗ ಮಾವ ಕೂತಿದ್ದ ಸ್ಟೂಲು ಮೆಲ್ಲಗೆ ತಿರುಗತೊಡಗಿತು. ಅಯ್ಯೋ, ಇಲ್ಲೂ ಸರ್ವೆಯೆ! ಕಿಟಕಿ, ಗೋಡೆ, ಡಾಕ್ಟರು, ನಾನು, ಎಲ್ಲವನ್ನೂ ದಾಟಿ ಬಾಗಿಲಿಗೆ ಎದುರಾಗಿ ನಿಂತಿತು. ಸುತ್ತು ಪೂರ್ತಿಯಾಗಲೇ ಇಲ್ಲ.

"ಪಕ್ಕದ ಮನೆ ಕಾಣ್ತೈತೆ" ಎಂದರು ಮಾವ. "ಅಳಬ್ಯಾಡ ಕಣೇ."

ಅತ್ತೆ ಒಂಚೂರೂ ಸದ್ದು ಮಾಡಿರಲಿಲ್ಲ.